ನಲವತ್ತು ದಿನದ ಎಣ್ಣೆ

ವಿಜ್ಞಾನಿ ಡಾಕ್ಟರ್ ನಸೀಮಾ ಸವಣೂರ ತಮ್ಮ ಕೈಚೀಲದಿಂದ ಅದನ್ನು ಟವೆಲಿನಂತೆ ಹೊರಗೆಳೆದು, ಒಮ್ಮೆ ಝಾಡಿಸಿ, ಜೈನ ಬಸ್ತಿಯ ಕಲ್ಲುಹಾಸಿನ ಮೇಲೆ ಹಾಸಿದರು. ಸುಣ್ಣ ಬಳಿದ ಗೋಡೆಯಂತೆ ಅದು ಬರಿದಾಗಿತ್ತು. ಆಕೆ ಒಂದು ಮೂಲೆಯನ್ನು ಬೆರಳಿನಿಂದ ಒತ್ತಿದರು. ಕೆರೆಯ ತಳದಿಂದ ಮೀನುಗಳು ಮೇಲಕ್ಕೆ ಬರುವಂತೆ ಅಕ್ಷರಗಳು ಒಂದೊಂದಾಗಿ ಮೇಲೆದ್ದು ಬಂದವು. ಅವು ಹೊಳೆಯಲಿಲ್ಲ, ಮಿನುಗಲಿಲ್ಲ. ಬಂದು ತಮ್ಮ ತಮ್ಮ ಸ್ಥಳದಲ್ಲಿ ಕಪ್ಪಗೆ ನಿಂತುಬಿಟ್ಟವು.

ಬಸ್ತಿಯ ಪೂಜಾರಿ ಪಾಯಪ್ಪ ಉಪಾಧ್ಯೆಯವರು ಕಂಬಕ್ಕೆ ಒರಗಿದ್ದವರು ನೆಟ್ಟಗೆ ಕುಳಿತರು.

"ಬೆಳಕ ಇಲ್ಲಲ್ಲ ಇದಕ್ಕ?"

"ಬೇಕಾಗಿಲ್ರಿ, ಪಂಡಿತರ. ನಿಮ್ಮ ಓಲಿಗರಿಗೆ ಒಳಗಿಂದ ಬೆಳಕ ಬರ್ತಿತ್ತೇನ್ರಿ? ಹೊರಗಿನ ಬಿಸಲಾಗ ಓದತಿದ್ರು. ಇದೂ ಹಂಗ."

ಪಾಯಪ್ಪನವರು ಬಸ್ತಿಹಾಳದ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಪೂಜೆ ಅವರಿಗೆ ಮನೆತನದಿಂದ ಬಂದದ್ದು, ಲೆಕ್ಕ ಸ್ವಭಾವದಿಂದ. ಕೃಷ್ಣೆಯ ದಂಡೆಯ ಆ ಊರಿನಲ್ಲಿ ಅವರ ಮುಂದೆ ಅಂದಾಜಿನ ಮಾತನ್ನು ಆಡುವ ಧೈರ್ಯ ಯಾರಿಗೂ ಇರಲಿಲ್ಲ. "ಸುಮಾರು ಅಂದ್ರ ಎಷ್ಟು?" ಎಂದು ಅವರು ಕೇಳಿಬಿಡುತ್ತಿದ್ದರು.

ನಸೀಮಾ ಆ ವಸ್ತುವನ್ನು ಮಸಿಹಾಳೆ ಎಂದು ಕರೆದರು. ಎರಡು ತೆಳುಪೊರೆಗಳ ನಡುವೆ, ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗೆಗಳು ಕೋಟಿಗಟ್ಟಲೆ ಇವೆ. ಒಂದೊಂದು ಗುಳಿಗೆಯೊಳಗೂ ಕಪ್ಪು ಮತ್ತು ಬಿಳಿ ಮಸಿಕಣಗಳು ತೇಲುತ್ತವೆ. ವಿದ್ಯುತ್ತು ಒಮ್ಮೆ ಮೆಲ್ಲನೆ ತಳ್ಳಿದರೆ ಕಪ್ಪು ಮೇಲೆ ಬರುತ್ತದೆ, ಅಥವಾ ಬಿಳಿ. ಬಂದ ಮೇಲೆ ಅಲ್ಲಿಯೇ ಉಳಿಯುತ್ತದೆ. ಹಾಳೆಯ ಅಂಚಿನಲ್ಲಿ ನೇಯ್ದಿದ್ದ ಬಿಸಿಲುದಾರವೇ ಅದಕ್ಕೆ ವಿದ್ಯುತ್ತನ್ನು ಒದಗಿಸುತ್ತಿತ್ತು. ನಸೀಮಾ ಆ ದಾರವನ್ನು ಉಗುರಿನಿಂದ ಹಿರಿದು ತೆಗೆದರು, ಅಕ್ಷರಗಳು ಕದಲಲಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಚಿ, ಅದರ ಮೇಲೆ ಕುಳಿತು, ಎದ್ದು ಬಿಡಿಸಿದರು, ಆಗಲೂ ಕದಲಲಿಲ್ಲ. ಆಮೇಲೆ ದಾರವನ್ನು ಮತ್ತೆ ಅಂಚಿಗೆ ಪೋಣಿಸಿದರು.

"ಪುಟ ತಿರುವಾಕ ಅಷ್ಟ ಕರೆಂಟ್ ಬೇಕ್ರಿ. ನಿಂತದ್ದು ನಿಲ್ಲಾಕ ಏನೂ ಬ್ಯಾಡ," ಎಂದರು.

"ಇದರಾಗ ಕೀಲಿ ಎಲ್ಲೈತಿ? ನಾಳೆ ನಿಮ್ಮ ಕಂಪನಿ ಮುಚ್ಚಿದ್ರ, ಹಾಳಿನೂ ಮುಚ್ಚತೈತೇನು?"

"ಕಂಪನೀನ ಇಲ್ರಿ. ಇದು ಮುಕ್ತ ಹಾಳಿ. ಹೆಂಗ ಮಾಡೂದು ಅನ್ನೂದನ್ನ ಯಾರ ಬೇಕಾದ್ರೂ ಓದಬಹುದು, ಬಿಚ್ಚಬಹುದು, ತಮಗ ಬೇಕಾದಂಗ ತಿದ್ದಬಹುದು. ಎರಡು ಹಾಳಿ ಎದುರಾಬದರು ಹಚ್ಚಿ ಇಟ್ರ ಇದರಾಗಿನ ಗ್ರಂಥ ಅದಕ್ಕ ಹೋಗತೈತಿ. ಕೊಟ್ಟದ್ದು ಕಡಿಮಿ ಆಗಂಗಿಲ್ಲ."

ಕೊನೆಯ ಮಾತು ಪಾಯಪ್ಪನವರಿಗೆ ಹಿಡಿಸಿತು. ಕೊಟ್ಟರೂ ಕಡಿಮೆಯಾಗದ ರಾಶಿಯನ್ನು ಅವರು ಗಣಿತದಲ್ಲಿ ಮಾತ್ರ ಕಂಡಿದ್ದರು. ಹತ್ತಿರ ಸರಿದು, ಹಾಳೆಯ ಮೇಲೆ ಮೂಡಿದ್ದನ್ನು ಓದತೊಡಗಿದರು.

ಅಲ್ಲಿ ಮೂಡಿದ್ದು ಬಸ್ತಿಯ ಗಂಟಿನೊಳಗಿನ ಗ್ರಂಥ. ಎಷ್ಟೋ ತಲೆಮಾರುಗಳಿಂದ ಆ ಓಲೆಗರಿಯ ಕಟ್ಟು ಕೆಂಪು ರೇಶಿಮೆಯಲ್ಲಿ ಸುತ್ತಿ ಪಾಯಪ್ಪನವರ ಮನೆಯಲ್ಲಿ ಇತ್ತು. ವರ್ಷಕ್ಕೊಮ್ಮೆ, ಜ್ಞಾನಕ್ಕೆ ಪೂಜೆ ಸಲ್ಲುವ ಶ್ರುತಪಂಚಮಿಯಂದು, ಗಂಟನ್ನು ಹಾಗೆಯೇ ತಂದು ಪೀಠದ ಮೇಲಿಟ್ಟು ಆರತಿ ಎತ್ತುತ್ತಿದ್ದರು. ಬಿಚ್ಚಿ ಓದಿದವರನ್ನು ಯಾರೂ ಕಂಡಿರಲಿಲ್ಲ. ಗರಿಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯಂತಾಗಿದ್ದವು. ಎಬ್ಬಿಸಲು ಹೋದರೆ ಪುಡಿಯಾಗುತ್ತಿದ್ದವು. ನಸೀಮಾ ಅವನ್ನು ಬಿಡಿಸದೆ, ಪದರಗಳನ್ನು ಹಾದು ನೋಡುವ ಕಿರಣಯಂತ್ರದ ಕೆಳಗಿಟ್ಟು, ಒಳಗಿನ ಮೂವತ್ತಾರು ಗರಿಗಳ ಬರಹವನ್ನು ಹಿಡಿದು, ಈಗಿನ ಅಕ್ಷರಗಳಿಗೆ ಇಳಿಸಿ ತಂದಿದ್ದರು. ಅದರೊಳಗೆ ಯಾವ ಪುರಾಣವಿದೆಯೋ, ಯಾವ ಆಗಮವಿದೆಯೋ ಎಂದು ಊರಿನ ಹಿರಿಯರು ಅಂದು ಮಡಿಬಟ್ಟೆ ಉಟ್ಟು ಬಂದು ಕುಳಿತಿದ್ದರು.

ಪಾಯಪ್ಪನವರು ಗಟ್ಟಿಯಾಗಿ ಓದಿದರು. "ಬಸ್ತಿಯಲ್ಲಿ ಮೂರು ನಂದಾದೀಪ. ಒಂದು ಕೊಡ ಎಣ್ಣೆಯನ್ನು ಮೊದಲನೆಯದು ಅರುವತ್ತು ದಿನ ಉರಿಸುವುದು, ಎರಡನೆಯದು ತೊಂಬತ್ತು ದಿನ, ಮೂರನೆಯದು ನೂರೆಂಬತ್ತು ದಿನ. ಮೂರನ್ನೂ ಒಂದೇ ಕೊಡದಿಂದ ಉರಿಸಿದರೆ ಎಣ್ಣೆ ಎಷ್ಟು ದಿನಕ್ಕೆ ಬರುವುದು? ಉತ್ತರ, ನಲವತ್ತು ದಿನ."

ಮಡಿಬಟ್ಟೆಯ ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ಬಸ್ತಿ ಕಮಿಟಿಯ ಅಧ್ಯಕ್ಷ ಜಿನ್ನಪ್ಪ ಮಗದುಮ್ಮ ಗಂಟಲು ಸರಿಪಡಿಸಿಕೊಂಡ.

"ಅಂದ್ರ... ಇಷ್ಟು ವರ್ಷ ನಾವು ಮಗ್ಗಿ ಪುಸ್ತಕಕ್ಕ ಆರತಿ ಎತ್ತೀವೇನ್ರಿ?"

ಯಾರೋ ಕಿಸಕ್ಕೆಂದರು. ಪಾಯಪ್ಪನವರು ತಿರುಗಿ ನೋಡಿದ ನೋಟಕ್ಕೆ ನಗು ಅಲ್ಲಿಯೇ ನಿಂತಿತು.

"ಲೆಕ್ಕ ಅಂದ್ರ ಜ್ಞಾನ ಅಲ್ಲೇನು, ಜಿನ್ನಪ್ಪ? ಸುಳ್ಳ ಹೇಳದಂಥಾ ಜ್ಞಾನ ಅದೊಂದ. ಕೈ ಮುಗಿ."

ಜಿನ್ನಪ್ಪ ಕೈಮುಗಿದ. ಪಾಯಪ್ಪನವರೂ ಮುಗಿದರು. ಯಾರೋ ಒಬ್ಬಾತ ಶತಮಾನಗಳ ಹಿಂದೆ, ಇದೇ ಗರ್ಭಗುಡಿಯ ಮುಂದೆ ಕುಳಿತು, ಇದೇ ದೀಪಗಳ ಎಣ್ಣೆಯನ್ನು ಅಳೆದಿದ್ದನೆಂದು ನೆನೆದು ಅವರ ಕಣ್ಣು ತುಂಬಿತು. ಹುಡುಗರ ಪಾಟಿಯ ಮೇಲಿನ ಲೆಕ್ಕವಾಗಿದ್ದರೆ ಅವರು ಕಣ್ಣಲ್ಲಿಯೇ ತಾಳೆ ನೋಡಿ ಮುಗಿಸುತ್ತಿದ್ದರು. ಅಂದು ನೋಡಲಿಲ್ಲ.

ಗ್ರಂಥದ ಹೆಸರು 'ದೀಪಗಣಿತ' ಎಂದು ಮೊದಲ ಪುಟದಿಂದ ತಿಳಿಯಿತು. ಅಲ್ಲಿ ಒಂದು ಮಂಗಳಪದ್ಯವಿತ್ತು, ಅದರ ಕೆಳಗೆ, "ನನ್ನ ಹೆಸರನ್ನು ಇಲ್ಲಿ ಹೇಳೆನು. ಕಡೆಯ ಓಲೆಯವರೆಗೆ ಬಂದವರಿಗೆ ಹೇಳುವೆನು" ಎಂದು ಬರೆದಿತ್ತು.

"ಈಗ ಆ ಓಲಿ ಬೂದಿಯಾದ್ರೂ ಒಂದಕ್ಷರ ಹೋಗಂಗಿಲ್ರಿ," ಎಂದು ನಸೀಮಾ ಹೊರಡುವಾಗ ಹೇಳಿದರು. ಹೆಮ್ಮೆಯಿಂದ ಹೇಳಿದ ಮಾತು ಅದು.

ಆ ಮಾತನ್ನು ಪಾಯಪ್ಪನವರು ಅಕ್ಷರಶಃ ತೆಗೆದುಕೊಂಡರು. ಮುಕ್ಕಾದ ಮೂರ್ತಿಯನ್ನೂ ಜೀರ್ಣವಾದ ಗ್ರಂಥವನ್ನೂ ಮನೆಯಲ್ಲಿ ಇಡಬಾರದು, ಹರಿಯುವ ನೀರಿಗೆ ಬಿಡಬೇಕು ಎಂಬುದು ಬಸ್ತಿಹಾಳದ ನಡಾವಳಿ. ಇಷ್ಟು ದಿನ ಬಿಡದೆ ಇಟ್ಟುಕೊಂಡದ್ದು ಒಳಗಿನದು ಕಳೆದುಹೋಗುತ್ತದೆಂಬ ಭಯದಿಂದ. ಈಗ ಆ ಭಯವಿಲ್ಲ. ಮುಂದಿನ ಹುಣ್ಣಿಮೆಯಂದು ಊರವರೆಲ್ಲ ಸೇರಿ, ವಾದ್ಯದೊಡನೆ, ಆ ಕಟ್ಟನ್ನು ಕೃಷ್ಣೆಗೆ ಬಿಟ್ಟರು. ಗರಿಗಳು ಸ್ವಲ್ಪ ದೂರ ತೇಲಿ, ನೀರು ಕುಡಿದು, ಕಂದು ಬಣ್ಣದ ಕೆಸರಾಗಿ ಕರಗಿಹೋದವು. ಸುದ್ದಿ ತಿಳಿದಾಗ ನಸೀಮಾ ಫೋನಿನಲ್ಲಿ, ಪೂರಾ ಬಿಟ್ಟರೇ ಎಂದು ಎರಡು ಸಲ ಕೇಳಿ, "ಆಗಲ್ರಿ, ಹಾಳಿ ಐತೆಲ್ಲ," ಎಂದರು.

ಆ ವರ್ಷವೇ ಜಿನ್ನಪ್ಪನ ತಾಯಿಯ ನೋಂಪಿ ಮುಗಿಯಿತು. ವ್ರತ ಮುಗಿದಾಗ ಶಾಸ್ತ್ರದಾನ ಮಾಡಬೇಕು. ಹಿಂದಿನವರು ಓಲೆಯಲ್ಲಿ ಪ್ರತಿ ಮಾಡಿಸಿ ಹಂಚುತ್ತಿದ್ದರು. ಮುದುಕಿ ಹಟ ಹಿಡಿದು ಊರಿನ ಪ್ರತಿ ಮನೆಗೂ, ಜಾತಿ ನೋಡದೆ, ಒಂದೊಂದು ಮಸಿಹಾಳೆಯನ್ನು ಕೊಡಿಸಿದಳು. ಪ್ರತಿಯೊಂದರಲ್ಲಿಯೂ ದೀಪಗಣಿತವಿತ್ತು.

ಮುಕ್ತವಾದ ವಸ್ತು ಊರಿನ ಕೈಗೆ ಸಿಕ್ಕರೆ ಏನಾಗುತ್ತದೆಂಬುದನ್ನು ನಸೀಮಾ ಬಂದು ಬಂದು ನೋಡಿ ಬೆರಗಾಗುತ್ತಿದ್ದರು. ದರ್ಜಿ ಮೀರಾಸಾಬ ತನ್ನ ಹಾಳೆಯನ್ನು ತಿದ್ದಿ, ಅಂಗಿಯ ತುಂಡುಗಳ ನಮೂನೆಯನ್ನು ಹಾಸಿದಂತೆ ಎಂಟು ಪುಟಗಳನ್ನು ಒಟ್ಟಿಗೆ ಹಾಸಿಕೊಳ್ಳುತ್ತಿದ್ದ. ಖಾನಾವಳಿಯ ಶಾಂತವ್ವ ಅದನ್ನು ಕಂಬಕ್ಕೆ ಸುತ್ತಿ ಅಂದಿನ ಪಲ್ಯದ ಹೆಸರು ಬರೆಯುತ್ತಿದ್ದಳು; ಗಿರಾಕಿ ಇಲ್ಲದಾಗ ಕಂಬವನ್ನು ಸುತ್ತುತ್ತ ಲೆಕ್ಕ ಓದುತ್ತಿದ್ದಳು. ಬಸ್ ಕಂಡಕ್ಟರ್ ನೇಮಣ್ಣ ಅದನ್ನು ಮಡಚಿ ಟೋಪಿಯೊಳಗೆ ಇಟ್ಟುಕೊಳ್ಳುತ್ತಿದ್ದ. ಮಳೆಯಲ್ಲಿ ತೋಯ್ದರೂ, ತೊಟ್ಟಿಲಿಗೆ ಹಾಸಿದರೂ, ಕತ್ತರಿಯಿಂದ ಎರಡು ತುಂಡು ಮಾಡಿದರೂ ಅದು ಓದಿಸಿಕೊಳ್ಳುವುದನ್ನು ಬಿಡಲಿಲ್ಲ.

ಓದಿಸಿಕೊಳ್ಳದ ಹಾಳೆ ಊರಲ್ಲಿ ಒಂದೇ. ಪಾಯಪ್ಪನವರು ಮೊದಲ ದಿನದ ಆ ಹಾಳೆಯನ್ನು ಮತ್ತೆ ಎಣ್ಣೆಯ ಲೆಕ್ಕಕ್ಕೆ ತಿರುವಿ, ಮಡಚಿ, ಹಳೆಯ ಕೆಂಪು ರೇಶಿಮೆಯಲ್ಲಿ ಸುತ್ತಿ, ಗಂಟು ಹಾಕಿ, ಓಲೆಗರಿ ಇದ್ದ ಪೆಟ್ಟಿಗೆಯಲ್ಲಿಯೇ ಇಟ್ಟರು. ದಿನವೂ ಅದರ ಮೇಲೆ ಒಂದು ಹೂ ಇಡುತ್ತಿದ್ದರು.

"ಬಿಚ್ಚಿ ಓದಬಾರದೇನ್ರಿ?" ಎಂದು ಹೆಂಡತಿ ಕುಸುಮವ್ವ ಒಮ್ಮೆ ಕೇಳಿದ್ದಳು. "ಓದಾಕಂತನ ಅಲ್ಲೇನು ಆಕಿ ತಂದುಕೊಟ್ಟದ್ದು?"

"ಎಲ್ಲಾರೂ ಓದಾಕತ್ತಾರ. ಒಂದಾರ ಪೂಜಿಗೆ ಇರಲಿ," ಎಂದರು ಪಾಯಪ್ಪನವರು. "ಅದನ್ನ ಮುಟ್ಟಬ್ಯಾಡ."

ಕುಸುಮವ್ವ ಮುಂದೆ ಕೇಳಲಿಲ್ಲ.

ಮರುವರ್ಷದ ಶ್ರುತಪಂಚಮಿಗೆ ಎರಡು ದಿನ ಮೊದಲು ಸರಕಾರದಿಂದ ಎಚ್ಚರಿಕೆ ಬಂತು. ಸೂರ್ಯನ ಮೇಲೆ ದೊಡ್ಡದೊಂದು ಸ್ಫೋಟವಾಗಿದೆ; ಸೌರಮಾರುತ ಭೂಮಿಯ ಕಡೆಗೆ ಹೊರಟಿದೆ; ಪಂಚಮಿಯ ಸಂಜೆ ವಿದ್ಯುತ್ ತಂತಿಗಳನ್ನೆಲ್ಲ ನಿಲ್ಲಿಸಲಾಗುವುದು. ಜನ ಪಂಪುಗಳನ್ನು ಬಿಚ್ಚಿದರು, ನೀರು ತುಂಬಿಟ್ಟುಕೊಂಡರು. ತಂತಿಯ ಹಂಗಿಲ್ಲದ ಮಸಿಹಾಳೆಗೆ ಏನಾದರೂ ಆದೀತೆಂದು ಯಾರೂ ಯೋಚಿಸಲಿಲ್ಲ. ಅದನ್ನು ಮಾಡಿದವರೂ ಯೋಚಿಸಲಿಲ್ಲ.

ಪಂಚಮಿಯ ಬೆಳಿಗ್ಗೆ ಪೂಜೆಗೆ ಬಂದ ಮನೆಗಳವರೆಲ್ಲ ತಮ್ಮ ಹಾಳೆಗಳನ್ನು ಬಸ್ತಿಗೆ ತಂದು, ಮಂಗಳಪದ್ಯದ ಮೊದಲ ಪುಟವನ್ನು ತೆರೆದು, ಅಂಗಳದ ತುಂಬ ಸಾಲಾಗಿ ಹಾಸಿ ಅಕ್ಷತೆ ಹಾಕಿದರು. ನಡುವೆ ಪೀಠದ ಮೇಲೆ ಪಾಯಪ್ಪನವರ ಕೆಂಪು ಗಂಟು. ಪೂಜೆಗೆ ಕೂಡಿಸಿದ ಗ್ರಂಥದ ಪುಟವನ್ನು ಮರುದಿನ ವಿಸರ್ಜನೆಯಾಗುವವರೆಗೆ ತಿರುವಬಾರದೆಂದು ಪಾಯಪ್ಪನವರು ಕಟ್ಟುನಿಟ್ಟು ಮಾಡಿದ್ದರು. ಸೂತಕದ ಮನೆಯವರು, ಹೊರಗೆ ಕೂತ ಹೆಂಗಸರು, ಬೇರೆ ಧರ್ಮದವರು ಪೂಜೆಗೆ ಬರುವಂತಿರಲಿಲ್ಲ. ಆ ನಿಯಮವೂ ಅವರದೇ.

ಸಂಜೆ ಸೂರ್ಯ ಮುಳುಗಿದ ಮೇಲೂ ಕೆಂಪು ಹೋಗಲಿಲ್ಲ. ಬಡಗಣ ಆಕಾಶದಲ್ಲಿ, ಆ ಸೀಮೆಯ ಜನ ಎಂದೂ ಕಂಡಿರದ ಬೆಳಕಿನ ಪರದೆಗಳು ತೂಗಾಡಿದವು. ನಸುಗೆಂಪು, ಅದರ ಅಂಚಿಗೆ ಎಳೆಹಸಿರು. ಕೃಷ್ಣೆಯ ನೀರೆಲ್ಲ ಅದೇ ಬಣ್ಣವಾಯಿತು. ದನಗಳು ಕೂಗಲಿಲ್ಲ, ಹಕ್ಕಿಗಳು ಗೂಡಿಗೆ ಹೋಗಲಿಲ್ಲ. ಮುದುಕರು ಮಾಳಿಗೆಯ ಮೇಲೆ ನಿಂತು ಕೈಮುಗಿದರು. ಪಾಯಪ್ಪನವರು ಜೀವನದಲ್ಲಿ ಮೊದಲ ಸಲ ಎಣಿಸಲಾಗದ ಒಂದನ್ನು ಕಂಡು ಎಣಿಸುವ ಗೊಡವೆಗೆ ಹೋಗದೆ ನಿಂತರು.

ಬೆಳಗಾದಾಗ ಊರಿನ ಒಂದು ಹಾಳೆಯೂ ಪುಟ ತಿರುವಲಿಲ್ಲ.

ತಂತಿಗಳೆಲ್ಲ ಸತ್ತಿದ್ದರಿಂದ ನಸೀಮಾ ಮೋಟಾರುಸೈಕಲ್ಲಿನ ಮೇಲೆ, ಧೂಳು ತುಂಬಿದ ಮುಖದಲ್ಲಿ ಬಂದರು. ಬಸ್ತಿಯ ಮೆಟ್ಟಿಲ ಮೇಲೆ ಕುಳಿತು, ಕೊಟ್ಟ ನೀರನ್ನು ಕುಡಿಯದೆ ಕೈಯಲ್ಲೇ ಹಿಡಿದುಕೊಂಡು ಹೇಳಿದರು. ಹಾಳೆ ತನ್ನೊಳಗಿನ ಗ್ರಂಥವನ್ನು ನೆನಪಿಡುತ್ತಿದ್ದುದು ಕಾಂತಕಣಗಳಲ್ಲಿ. ಅಗ್ಗ, ಹಗುರ, ಮಡಚಿದರೂ ಮುರಿಯದಂಥವು. ಅದಕ್ಕಾಗಿಯೇ ಅವನ್ನು ಆರಿಸಿದ್ದು. ಸೌರಮಾರುತ ಭೂಮಿಯ ಕಾಂತವನ್ನೇ ಅಲುಗಾಡಿಸಿತು. ಕಣಗಳೆಲ್ಲ ತಮ್ಮ ದಿಕ್ಕನ್ನು ಮರೆತವು.

"ನಿಮ್ಮ ಪ್ರಯೋಗಶಾಲೆಯಾಗ ಇಟ್ಟದ್ದು?" ಎಂದು ಪಾಯಪ್ಪನವರು ಕೇಳಿದರು.

"ಅದೂ ಅವ ಕಣ, ಪಂಡಿತರ. ಕಾಗದದ ಮ್ಯಾಲ ಇದ್ದ ಗ್ರಂಥ ಎಲ್ಲಾ ಉಳದಾವು. ಇದೊಂದ ಕಾಗದಕ್ಕ ಬಂದಿರಲಿಲ್ಲ. ವಿದ್ವಾಂಸರು ಬರೂ ವರ್ಷ ಅಚ್ಚು ಹಾಕೂದಿತ್ತು."

"ನೀವು ಓದೀರಿಲ್ಲ? ಕಡೀತನಕ?"

ನಸೀಮಾ ತಲೆ ತಗ್ಗಿಸಿದರು. "ಓದಿಲ್ರಿ. ಓದಸೂದು ನನ್ನ ಕೆಲಸ ಅಂತ ತಿಳಕೊಂಡಿದ್ನಿ."

ಪಾಯಪ್ಪನವರು ಬಹಳ ಹೊತ್ತು ಅಂಗಳವನ್ನು ನೋಡುತ್ತ ಕುಳಿತರು. ತಲೆಮಾರುಗಳಿಂದ ಹುಳ, ಮಳೆ, ಬೆಂಕಿಗಳಿಂದ ಉಳಿದು ಬಂದ ಗ್ರಂಥ ತಮ್ಮ ಕಾಲಕ್ಕೆ, ತಮ್ಮ ಕೈಯಿಂದಲೇ ನೀರಿಗೆ ಹೋಯಿತು. ಆ ತಪ್ಪನ್ನು ಎಷ್ಟು ಭಾಗಿಸಿದರೂ ಇನ್ನೊಬ್ಬರ ಮೇಲೆ ಹೊರಿಸಲು ಶೇಷವೇ ಉಳಿಯುತ್ತಿರಲಿಲ್ಲ. ಗ್ರಂಥ ಬರೆದವನು ತನ್ನ ಹೆಸರನ್ನು ಕಡೆಯ ಓಲೆಗೆ ಮುಡಿಪಾಗಿಟ್ಟಿದ್ದ. ಆ ಹೆಸರನ್ನು ಈ ಊರು ಒಮ್ಮೆಯೂ ಬಾಯಿಬಿಟ್ಟು ಹೇಳದೆ ಅಳಿಸಿಹಾಕಿತ್ತು. ಎದುರಿಗೆ ಹಾಳೆಗಳು ಸಾಲಾಗಿ ಬಿದ್ದಿದ್ದವು. ಪ್ರತಿಯೊಂದರ ಮೇಲೂ ಅಕ್ಷತೆ, ಅಕ್ಷತೆಯ ಕೆಳಗೆ ಅಚ್ಚಗಪ್ಪಾಗಿ ಮಂಗಳಪದ್ಯ.

ಅವರು ತಟ್ಟನೆ ತಲೆಯೆತ್ತಿದರು.

"ತಂಗೀ, ಅಕ್ಷರ ಹೋಗಿಲ್ಲಲ್ಲ?"

"ಏನಂದ್ರಿ?"

"ನಿಂತದ್ದು ನಿಲ್ಲಾಕ ಏನೂ ಬ್ಯಾಡ ಅಂದಿದ್ದಿ ನೀನ. ನೆನಪು ಹೋಗೇತಿ, ಮಸಿ ಹೋಗಿಲ್ಲ. ಯಾರ ಹಾಳ್ಯಾಗ ಯಾವ ಪುಟ ತೆರೆದಿತ್ತೋ, ಅದು ಹಂಗ ಐತಿ."

ನಸೀಮಾ ಎದ್ದು ನಿಂತರು. ನೀರಿನ ತಂಬಿಗೆ ಉರುಳಿತು.

ಡಂಗುರ ಸಾರಿಸಿ ಊರನ್ನೆಲ್ಲ ಬಸ್ತಿಯ ಮುಂದೆ ಕೂಡಿಸಿದರು. ಎಲ್ಲರೂ ತಮ್ಮ ತಮ್ಮ ಹಾಳೆ ಎತ್ತಿ ತೋರಿಸಬೇಕು. ಜಿನ್ನಪ್ಪ ಮೊದಲು ಎತ್ತಿದ: ಮಂಗಳಪದ್ಯ. ಅವನ ತಮ್ಮ: ಮಂಗಳಪದ್ಯ. ಪಕ್ಕದ ಮನೆ, ಎದುರಿನ ಮನೆ, ಹಿಂದಿನ ಓಣಿ. ಮಂಗಳಪದ್ಯ, ಮಂಗಳಪದ್ಯ, ಮಂಗಳಪದ್ಯ. ಅಂಗಳದ ತುಂಬ ಒಂದೇ ಪುಟ.

"ಎಲ್ಲಾರೂ ಹೊಚ್ಚಲದಾಗ ನಿಂತೀರಿ, ಒಳಗ ಒಬ್ಬರೂ ಹೋಗಿಲ್ಲ," ಎಂದ ಕಂಡಕ್ಟರ್ ನೇಮಣ್ಣ ಹಿಂದಿನಿಂದ.

"ನೀ ಯಾವ ಪುಟದಾಗ ನಿಂತೀಯೋ, ಶಾಣ್ಯಾ?" ಎಂದು ಜಿನ್ನಪ್ಪ ಕೇಳಿದ.

ನೇಮಣ್ಣ ಟೋಪಿಯನ್ನು ಒತ್ತಿ ಹಿಡಿದುಕೊಂಡ. ಪಾಯಪ್ಪನವರು ಅದನ್ನು ನೋಡಿದರು. ನೇಮಣ್ಣ ನಿನ್ನೆ ಪೂಜೆಗೆ ಬಂದಿರಲಿಲ್ಲ. ಪಾಳಿ ಇದೆ ಎಂದು ಹೇಳಿಕಳಿಸಿದ್ದ. ಎಣಿಕೆಯಲ್ಲಿ ಪಳಗಿದ ಆ ಮನಸ್ಸು ಒಂದು ಕ್ಷಣ ಗುಂಪನ್ನು ಎರಡು ಭಾಗ ಮಾಡಿ ನೋಡಿತು. ನಿನ್ನೆ ತಮ್ಮ ಮಾತು ಕೇಳಿದವರು ಒಂದು ಕಡೆ. ಇನ್ನೊಂದು ಕಡೆ ತಾವು ಹೊರಗಿಟ್ಟವರು, ತಪ್ಪಿಸಿಕೊಂಡವರು. ಅವರು ಮೆಟ್ಟಿಲ ಮೇಲೆ ನಿಂತು ದನಿ ಎತ್ತಿದರು.

"ನಿನ್ನೆ ಪೂಜಿಗೆ ಬರದವರು ಯಾರ್ಯಾರದೀರಿ? ಯಾಕ ಬರಲಿಲ್ಲ ಅಂತ ಕೇಳಂಗಿಲ್ಲ. ಅಂಥವರು ಮುಂದ ಬರ್ರಿ."

ಯಾರೂ ಕದಲಲಿಲ್ಲ. ಪಾಯಪ್ಪನವರ ಬಾಯಿಂದ ಕ್ಷಮೆಯ ಮಾತು ಬಂದದ್ದನ್ನು ಊರು ಕೇಳಿರಲಿಲ್ಲ. ಇದೂ ಒಂದು ಪರೀಕ್ಷೆ ಇರಬೇಕೆಂದು ಜನ ತಿಳಿದರು. ಕೊನೆಗೆ ನೇಮಣ್ಣ ಟೋಪಿ ತೆಗೆದ.

"ಹೊಳಿ ದಂಡಿಗೆ ಬಸ್ ನಿಲ್ಲಸಿದ್ನಿರಿ. ಡ್ರೈವರ್ ಮಲಗಿದ್ದ. ದೋಣಿ ಲೆಕ್ಕ ಓದಾಕತ್ತಿದ್ನಿ." ಅವನ ಹಾಳೆಯಲ್ಲಿ ಹನ್ನೊಂದನೆಯ ಪುಟವಿತ್ತು.

ದರ್ಜಿ ಮೀರಾಸಾಬ ಬಂದು ತನ್ನ ಹಾಳೆಯನ್ನು ಬಿಡಿಸಿದಾಗ ಜನ ಹೋ ಎಂದರು: ಅಂಗಿಯ ನಮೂನೆಯಂತೆ ಎಂಟು ಪುಟಗಳು ಒಟ್ಟಿಗೆ. "ನನಗ ಹೆಂಗೂ ಒಳಗ ಬರಾಕ ಇಲ್ಲಲ್ರಿ, ಪಂಡಿತರ. ಅಂಗಡ್ಯಾಗ ಕುಂತು ಓದಿದ್ನಿ," ಎಂದ. ಅವನ ಮಾತಿನಲ್ಲಿ ಕೊಂಕು ಇರಲಿಲ್ಲ; ಇದ್ದಿದ್ದರೆ ಪಾಯಪ್ಪನವರಿಗೆ ಸುಲಭವಾಗುತ್ತಿತ್ತು. ಬಾಣಂತಿ ಸುನಂದಾ ಹಸುಗೂಸನ್ನು ಎದೆಗೆ ಅವುಚಿಕೊಂಡು, ಸೂತಕದವಳೆಂದು ದೂರವೇ ನಿಂತು, ಹಾಳೆಯನ್ನು ಎತ್ತಿ ತೋರಿಸಿದಳು. ಪಾಯಪ್ಪನವರೇ ಇಳಿದುಹೋಗಿ ಅವಳ ಕೈಯಿಂದ ತೆಗೆದುಕೊಂಡರು. ಹೆಂಗಸರ ಸಾಲಿನಲ್ಲಿ ಪಿಸುಮಾತು ಎದ್ದು, ಅಷ್ಟೇ ಬೇಗ ಅಡಗಿತು.

ಆಮೇಲೆ ಬಾಗಿಲು ತೆರೆದಂತಾಯಿತು. ಹೊರಗೆ ಕೂತಿದ್ದ ಹೆಂಗಸರು, ಖಾನಾವಳಿ ಮುಚ್ಚದ ಶಾಂತವ್ವ, ಚರ್ಚಿಗೆ ಹೋಗುವ ನರ್ಸಮ್ಮ, ದೇವರೇ ಇಲ್ಲವೆನ್ನುವ ಡ್ರಾಯಿಂಗ್ ಮಾಸ್ತರ, ಮಂಡಿನೋವಿನಿಂದ ಹಾಸಿಗೆಯಲ್ಲಿದ್ದ ಮುದುಕರ ಪರವಾಗಿ ಅವರ ಮೊಮ್ಮಕ್ಕಳು. ಗ್ರಂಥದ ನಡುವಿನ ಭಾಗವೆಲ್ಲ, ಪೂಜೆಯಿಂದ ಹೊರಗುಳಿದವರ ಕೈಯಲ್ಲಿ ಒಂದೊಂದು ಪುಟವಾಗಿ ಬಂದು ಅಂಗಳದಲ್ಲಿ ಕೂಡಿಕೊಂಡಿತು. ನಸೀಮಾ ಕಾಗದದ ಮೇಲೆ ಶಾಯಿಯ ಪೆನ್ನಿನಿಂದ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ಬಿಸಿಲು ಬಸ್ತಿಯ ಶಿಖರದಿಂದ ಇಳಿಯುವ ಹೊತ್ತಿಗೆ ಮೂವತ್ತೈದು ಪುಟಗಳು ಸೇರಿದ್ದವು.

ಕಡೆಯ ಪುಟ ಇರಲಿಲ್ಲ.

ಊರಿನ ಒಂದೊಂದು ಮನೆಯನ್ನೂ ಹೆಸರು ಹಿಡಿದು ಕರೆದು ನೋಡಿದ್ದಾಯಿತು. ಕಡೆಯವರೆಗೆ ಓದಿದವರು ಯಾರೂ ಇದ್ದಂತಿರಲಿಲ್ಲ. "ಹೆಸರ ಹೇಳತೀನಿ ಅಂದಿದ್ದನಲ್ಲೋ ಪುಣ್ಯಾತ್ಮ," ಎಂದು ಪಾಯಪ್ಪನವರು ಮೆಟ್ಟಿಲ ಮೇಲೆ ಕುಸಿದು ಕುಳಿತರು. "ಕೇಳವರ ಇರಲಿಲ್ಲ."

ಆಗ ಹೆಂಗಸರ ಸಾಲಿನಿಂದ ಕುಸುಮವ್ವ ಮಾತಾಡಿದಳು.

"ಆ ಗಂಟೊಂದು ಉಳೀತಲ್ರಿ."

ಪಾಯಪ್ಪನವರು ಪೀಠದ ಕಡೆ ನೋಡಿದರು. ನಿನ್ನೆ ಪೂಜೆಗೆ ಬಂದವರೆಲ್ಲ ಆರತಿ ಎತ್ತಿದ ಕೆಂಪು ಗಂಟು ಹೂವಿನ ಕೆಳಗೆ ಹಾಗೆಯೇ ಇತ್ತು.

"ಅದರಾಗ ಎಣ್ಣಿ ಲೆಕ್ಕ ಐತಿ. ಮೊದಲಿನ ದಿನದ್ದು. ಅದು ಮೀರಾಸಾಬನ ಹಾಳ್ಯಾಗ ಆಗಲೇ ಸಿಕ್ಕೇತಿ. ಈ ಗಂಟ ಯಾರೂ ಬಿಚ್ಚಿಲ್ಲ."

"ಬಿಚ್ಚಿ ನೋಡ್ರಿ."

"ಯಾರೂ ಬಿಚ್ಚಿಲ್ಲ ಅಂದ್ನೆಲ್ಲ!"

"ಬಿಚ್ರಿ ಅಂದ್ನಿ ನಾನೂ."

ಆ ದನಿಯನ್ನು ಕೇಳಿ ಜಿನ್ನಪ್ಪ ಬೇರೆ ಕಡೆ ಮುಖ ತಿರುವಿ ನಿಂತ. ಪಾಯಪ್ಪನವರು ಪೀಠದ ಬಳಿ ಹೋಗಿ ಗಂಟಿಗೆ ಕೈ ಹಾಕಿದರು. ಗಂಟು ಅವರು ಹಾಕಿದ ರೀತಿಯದಲ್ಲ. ಅವರು ಎರಡು ಸುತ್ತು ಹಾಕುತ್ತಿದ್ದರು. ಇದು ಒಂದೇ ಸುತ್ತಿನ, ಸೆರಗಿಗೆ ಹಾಕುವಂಥ ಗಂಟು. ಬಿಚ್ಚಿದರು. ಹಾಳೆಯನ್ನು ಹರಡಿದರು.

ಅಲ್ಲಿ ಎಣ್ಣೆಯ ಲೆಕ್ಕ ಇರಲಿಲ್ಲ.

"ನೀವು ಮಧ್ಯಾಹ್ನ ಮಲಗತೀರಿಲ್ಲ," ಎಂದಳು ಕುಸುಮವ್ವ, ಯಾರ ಮುಖವನ್ನೂ ನೋಡದೆ. "ಆಗ ಒಂದೊಂದ ಪುಟ. ಪಂಚಮಿ ದಿನ ಮುಂಜಾನಿ ಮುಗೀತು. ಹಂಗ ಕಟ್ಟಿ ಕೊಟ್ನಿ."

ಪಾಯಪ್ಪನವರು ಓದಿದರು. 

"ಇಲ್ಲಿಯವರೆಗೆ ಬಂದವರೇ, ನಾನು ಈ ಬಸ್ತಿಯ ದೀಪಕ್ಕೆ ಎಣ್ಣೆ ಅಳೆಯುವ ನಾಗಿಸೆಟ್ಟಿ. ಪೂಜೆ ಮಾಡುವವರು ಬಹಳ ಮಂದಿ ಇರುವರೆಂದು ಬಲ್ಲೆನು, ಓದುವವರು ಕೆಲವರು. ಅದರಿಂದ ಈ ಗ್ರಂಥದಲ್ಲಿ ಒಂದು ಉತ್ತರವನ್ನು ಬೇಕೆಂದೇ ತಪ್ಪಾಗಿ ಬರೆದಿದ್ದೇನೆ. ಅದನ್ನು ಕಂಡವರು ಗ್ರಂಥವನ್ನು ಓದಿದರು. ಕಾಣದವರು ಹೊತ್ತರು. ಕಂಡವರು ಇನ್ನೊಬ್ಬರಿಗೆ ಹೇಳದಿರಲಿ, ಅವರೂ ಓದಲಿ."

 ನಿನ್ನೆಯ ಬೆಳಕಿನ ಪರದೆಗಳನ್ನು ಕಂಡಾಗಿನ ಅದೇ ಮೌನ ಅಂಗಳದ ಮೇಲೆ ಇಳಿಯಿತು. ನಾಗಿಸೆಟ್ಟಿ ಮಾತಾಡಿದ್ದ. ಅಷ್ಟು ಶತಮಾನಗಳ ಆಚೆಯಿಂದ, ರೇಶಿಮೆಯ ಒಳಗಿನಿಂದ, ಕೆಸರಾಗಿ ಹೋದ ಗರಿಯಿಂದ, ನೆನಪಳಿದ ಹಾಳೆಯಿಂದ, ಅವರನ್ನೇ ನೋಡಿ ಮಾತಾಡಿದ್ದ.

ಪಾಯಪ್ಪನವರು ಹೆಂಡತಿಯ ಬಳಿಗೆ ಹೋದರು. ಮೆಲ್ಲನೆ ಕೇಳಿದರು.

"ನಿನಗ ಸಿಕ್ಕಿತೇನು, ಆ ತಪ್ಪು?"

"ಸಿಕ್ಕಿತ್ರಿ."

"ಯಾವ ಪುಟದಾಗ ಐತಿ?"

"ಹೇಳಬ್ಯಾಡ ಅಂತ ಬರದಾನಲ್ರಿ," ಎಂದಳು ಕುಸುಮವ್ವ. "ನೀವೂ ಓದ್ರಿ."

ತಂತಿಗಳು ಸರಿಯಾದ ಮೇಲೆ ನಸೀಮಾ ಮತ್ತೆ ಬಂದರು. ದೀಪಗಣಿತ ಈಗ ಕಾಗದದಲ್ಲಿ, ತಾಮ್ರದ ತಗಡಿನಲ್ಲಿ, ಹೊಸ ಬಗೆಯ ನೆನಪಿನಲ್ಲಿ ಭದ್ರವಾಗಿತ್ತು. ಊರಿನ ಹಾಳೆಗಳನ್ನು ಹೊಸ ಕಣ ಹಾಕಿ ಬದುಕಿಸಿಕೊಡುತ್ತೇನೆ, ಒಂದು ದಿನದ ಕೆಲಸ, ಎಂದರು. ಒಂದೇ ತೊಡಕು. ಬದುಕಿಸುವಾಗ ಈಗ ನಿಂತಿರುವ ಪುಟ ಅಳಿಸಿಹೋಗುತ್ತದೆ.

ಒಂದು ಮನೆಯವರೂ ಒಪ್ಪಲಿಲ್ಲ.

"ಇದು ನಮ್ಮ ಪುಟ್ರಿ," ಎಂದಳು ಸುನಂದಾ. "ನನ್ನ ಕೂಸಿನ ಸೂತಕದಾಗ ನಿಂತದ್ದು." ಬೇಕಾದರೆ ಹೊಸ ಹಾಳೆ ಕೊಡಲಿ, ಇದು ಗೋಡೆಯ ಮೇಲೆ ಇರಲಿ ಎಂದರು ಎಲ್ಲರೂ.

ಗ್ರಂಥ ಸ್ಥಳದ ಹಂಗಿಲ್ಲದೆ ಓಡಾಡಲೆಂದು ನಸೀಮಾ ಆ ಹಾಳೆಯನ್ನು ಕಂಡುಹಿಡಿದಿದ್ದರು. ಹಾಗೆಂದು ಮಾಡಿದ ಹಾಳೆಗಳು ಶಿಲಾಶಾಸನಗಳಂತೆ ಒಂದೊಂದು ಮನೆಯ ಗೋಡೆಯಲ್ಲಿ ನೆಟ್ಟುಕೊಂಡವು. ಕಿಸೆಯಲ್ಲಿ ಹಿಡಿಸುತ್ತಿದ್ದ ಗ್ರಂಥ ಈಗ ಒಂದು ಊರಿನಷ್ಟು ದೊಡ್ಡದಾಗಿತ್ತು. ಅದನ್ನು ಮೊದಲಿನಿಂದ ಕಡೆಯವರೆಗೆ ಓದಬೇಕಾದರೆ ಜಿನ್ನಪ್ಪನ ಬಾಗಿಲಿನಿಂದ ಹೊರಟು, ಓಣಿ ಓಣಿ ತಿರುಗಿ, ಸೂತಕವಿದ್ದ ಮನೆ, ನರ್ಸಮ್ಮನ ಮನೆ ಎಲ್ಲವನ್ನೂ ಹೊಕ್ಕು, ಚಹಾ ಕುಡಿದು, ಕಡೆಗೆ ಪಾಯಪ್ಪನವರ ಅಡಿಗೆಮನೆಗೆ ಬರಬೇಕಾಗಿತ್ತು. ಕುಸುಮವ್ವ ಕಡೆಯ ಪುಟವನ್ನು ಅಲ್ಲಿಯೇ, ಒಲೆಯ ಎದುರಿಗೆ ತೂಗುಹಾಕಿದ್ದಳು. ದೂರದ ಊರುಗಳಿಂದ ವಿದ್ವಾಂಸರು ಬರತೊಡಗಿದರು. ಕಾಗದದ ಪ್ರತಿ ಅವರ ಚೀಲದಲ್ಲಿಯೇ ಇರುತ್ತಿತ್ತು; ಆದರೂ ಬಂದು, ಚಪ್ಪಲಿ ಬಿಟ್ಟು, ಮನೆಮನೆ ಹೊಕ್ಕರು.

ಪಾಯಪ್ಪನವರು ಅವರೆಲ್ಲರಿಗಿಂತ ಮೊದಲೇ ಹೊರಟಿದ್ದರು. ಕಾಗದದ ಪ್ರತಿ ಬೇಡವೆಂದು, ದಿನಕ್ಕೊಂದು ಮನೆಯಂತೆ, ಕೋಲೂರಿಕೊಂಡು ಹೋಗಿ ಗೋಡೆಯ ಮುಂದೆ ನಿಂತು ಓದುತ್ತಿದ್ದರು. ಬೆರಳ ಗೆಣ್ಣಿನ ಮೇಲೆ ತಾಳೆ ನೋಡುತ್ತಿದ್ದರು. ದೋಣಿಯ ಲೆಕ್ಕ ಸರಿಯಿತ್ತು. ಅಕ್ಕಿಯ ರಾಶಿಯ ಲೆಕ್ಕ ಸರಿಯಿತ್ತು. ಮೀರಾಸಾಬನ ಅಂಗಡಿಗೆ ಬಂದಾಗ ಎಂಟು ಪುಟಗಳ ನಡುವೆ ಅವರಿಗೆ ಗುರುತಿನ ಒಂದು ಪುಟ ಎದುರಾಯಿತು. ಅರುವತ್ತು, ತೊಂಬತ್ತು, ನೂರೆಂಬತ್ತು. ಅಂದು ಕಣ್ಣು ತುಂಬಿ ಕೈಮುಗಿದ ಪುಟ.

ದಿನಕ್ಕೆ ಅರುವತ್ತರಲ್ಲೊಂದು, ತೊಂಬತ್ತರಲ್ಲೊಂದು, ನೂರೆಂಬತ್ತರಲ್ಲೊಂದು ಭಾಗ. ಕೂಡಿದರೆ ಮೂವತ್ತರಲ್ಲೊಂದು. ಎಣ್ಣೆ ಮೂವತ್ತು ದಿನಕ್ಕೆ ಮುಗಿಯಬೇಕು, ನಲವತ್ತಕ್ಕಲ್ಲ. ಶಾಲೆಯ ಹುಡುಗ ಬಾಯಲ್ಲಿ ಹೇಳುವ ಲೆಕ್ಕ.

ಪಾಯಪ್ಪನವರು ನಕ್ಕರು. ಮೊದಲು ಸಣ್ಣಗೆ, ಆಮೇಲೆ ಹೆಗಲು ಕುಣಿಯುವಂತೆ. ಅವರು ನಗುವುದನ್ನು ಕಂಡಿರದ ಮೀರಾಸಾಬ ಹೊಲಿಗೆಯಂತ್ರ ನಿಲ್ಲಿಸಿ ಎದ್ದು ಬಂದ.

"ಏನಾತ್ರಿ, ಪಂಡಿತರ? ನನಗೂ ಹೇಳ್ರಲ್ಲ."

ಪಾಯಪ್ಪನವರು ಕಣ್ಣೊರೆಸಿಕೊಂಡು ಅವನ ಸ್ಟೂಲಿನ ಮೇಲೆ ಕುಳಿತರು. ಅಂಗಡಿಯ ಒಳಗೆ ಅವರು ಕುಳಿತದ್ದು ಅದೇ ಮೊದಲು.

"ಹೇಳಂಗಿಲ್ಲೋ," ಎಂದರು. "ಒಂದ ಕಪ್ ಚಹಾ ಹೇಳು. ನೀನೂ ಎಣಿಸು."